ಕೊರಿಯಾದ ಕಡುಬು ತಿನ್ನುವ ಮುನ್ನ

ಘಣಸೋಲಿಯಲ್ಲಿ ಇಳಿದು ಮನೆಗೆ ನಡೆಯುವ ನಿಮಗೆ ಮೋಮೋ ಹೊಸದೇನಲ್ಲ. ಅದರ ಕೊರಿಯಾದ ನೆಂಟನ ಹೆಸರು ಮಂಡು. ಕೊರಿಯನ್ ಧಾರಾವಾಹಿ ನೋಡಿದ ಮಕ್ಕಳು ‘ಅದೇ ಬೇಕು’ ಎಂದು ಹಟ ಹಿಡಿದರೆ ಬೈಯಬೇಡಿ, ಕರೆದುಕೊಂಡು ಹೋಗಿ.

ಮಂಡು ಎಂದರೆ ನಮ್ಮ ಕಡುಬಿನ ಹಾಗೆಯೇ. ತೆಳ್ಳಗೆ ಲಟ್ಟಿಸಿದ ಗೋಧಿ ಹಿಟ್ಟಿನೊಳಗೆ ಹೂರಣ. ಆದರೆ ಬೆಲ್ಲ, ಕಾಯಿ ಅಲ್ಲ. ಮಾಂಸ, ತೋಫು, ಈರುಳ್ಳಿ ಸೊಪ್ಪು, ಗೆಣಸಿನ ಪಿಷ್ಟದ ಶಾವಿಗೆ. ಹಬೆಯಲ್ಲಿ ಬೆಂದದ್ದು ಜಿನ್‌ಮಂಡು, ಬಾಣಲೆಯಲ್ಲಿ ಕೆಂಪಗೆ ಹುರಿದದ್ದು ಗುನ್‌ಮಂಡು, ಸಾರಿನಲ್ಲಿ ತೇಲುವುದು ಮಂಡುಗುಕ್. ಸೋಯಾ ಸಾಸ್‌ಗೆ ವಿನಿಗರ್ ಬೆರೆಸಿ, ಅದರಲ್ಲಿ ಅದ್ದಿ ತಿನ್ನುತ್ತಾರೆ.

ಊರಿಂದ ಬಂದ ಶಾಕಾಹಾರಿ ಅಮ್ಮನೂ ಜೊತೆಗಿದ್ದಾರಾ? ಹಾಗಾದರೆ ‘ಒಳಗಿರೋದು ಬರೀ ಕಿಮ್ಚಿ’ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಕಿಮ್ಚಿ ಎಲೆಕೋಸಿನದೇ ಆದರೂ, ಅದಕ್ಕೆ ಸಾಮಾನ್ಯವಾಗಿ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಇಲ್ಲವೇ ಮೀನಿನ ಸಾಸ್ ಬೆರೆಸುತ್ತಾರೆ. ಸಾರಿಗೂ ಮಾಂಸ ಅಥವಾ ಒಣಮೀನು ಕುದಿಸಿದ ನೀರೇ ಬುನಾದಿ. ಆದ್ದರಿಂದ ಆರ್ಡರ್ ಕೊಡುವ ಮೊದಲೇ ಮೂರು ಪ್ರಶ್ನೆ ಕೇಳಿ: ಕಿಮ್ಚಿಗೆ ಏನು ಹಾಕಿದ್ದೀರಿ? ಸಾರು ಯಾವುದರದು? ಎರಡು ಬಗೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತೀರಾ?

ಕೇಳಲು ಸಂಕೋಚವೇಕೆ? ಉತ್ತರ ಸರಿಯೆನಿಸಿದರೆ ಬಿಸಿಬಿಸಿ ತಿನ್ನಿ. ಮೊದಲ ತುತ್ತು ಮಾತ್ರ ಚಿಕ್ಕದಿರಲಿ, ಒಳಗಿನ ರಸ ನಾಲಿಗೆ ಸುಟ್ಟೀತು!