ಟಿ.ವಿ. ಮುಂದೆ ಮಕ್ಕಳ ಪಕ್ಕದಲ್ಲಿ ಯಾರು?

(ಹೊಸೂರಿನಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಹೆಚ್ಚು ಓದಿದವನಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದಲೇ ಆರಂಭಿಸುತ್ತೇನೆ. ಹತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಕೆಲವು ದಿನ ರಾತ್ರಿ ಊಟವನ್ನೇ ಬಿಟ್ಟಳು. ಕೇಳಿದರೆ "ಹಸಿವಿಲ್ಲ" ಎನ್ನುವಳು. ನಾನು ಗದರಿದೆ, ಟಿ.ವಿ. ಆರಿಸಿದೆ. ಕೊನೆಗೊಂದು ದಿನ ಅವಳು ತಾಯಿಯ ಮುಂದೆ ಅತ್ತಳು: "ಧಾರಾವಾಹಿಯಲ್ಲಿ ಆಫೀಸಿಗೆ ಹೋಗುವವರು ಯಾರಾದರೂ ನನ್ನ ಹಾಗೆ ದಪ್ಪಗಿದ್ದಾರಾ ಅಮ್ಮ? ನನಗೆ ಯಾರು ಕೆಲಸ ಕೊಡುತ್ತಾರೆ?"

ಇದು ನಮ್ಮೊಂದು ಮನೆಯ ಕಥೆ ಎಂದುಕೊಂಡಿದ್ದೆ. ಆಮೇಲೆ ಫಿಜಿ ದ್ವೀಪಗಳ ವಿಷಯ ಓದಿದೆ. ಅಲ್ಲಿನ ಮೂಲನಿವಾಸಿಗಳಲ್ಲಿ ಮೈತುಂಬಿಕೊಂಡಿರುವುದೇ ಚೆಲುವು. ಹುಡುಗಿ ಸೊರಗಿದರೆ ಮನೆಯವರು ಚಿಂತೆಗೆ ಬೀಳುತ್ತಿದ್ದರು. ಆ ದೇಶದ ನದ್ರೋಗಾ ಪ್ರಾಂತಕ್ಕೆ 1995ರಲ್ಲಿ ಟಿ.ವಿ. ಬಂತು. ಅಮೆರಿಕದ ಆನ್ ಬೆಕರ್ ಎಂಬ ವೈದ್ಯೆ ಆಗಲೇ ಅಲ್ಲಿನ ಶಾಲಾ ಹುಡುಗಿಯರನ್ನು ವಿಚಾರಿಸಿದರು. ಮೈ ಇಳಿಸಲು ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವವಳು ಒಬ್ಬಳೂ ಸಿಗಲಿಲ್ಲ. 1998ರಲ್ಲಿ ಅದೇ ಪ್ರಾಯದ ಬೇರೆ ಹುಡುಗಿಯರನ್ನು ಕೇಳಿದಾಗ, ನೂರಕ್ಕೆ 11 ಮಂದಿ ಹಾಗೆ ಮಾಡುತ್ತಿದ್ದರು. ಟಿ.ವಿ.ಯಲ್ಲಿ ಕಾಣುವವರಂತೆ ತೆಳ್ಳಗಾದರೆ ಒಳ್ಳೆಯ ಕೆಲಸ ಸಿಕ್ಕೀತು ಎಂಬ ಆಸೆಯೂ ಅವರ ಮಾತಿನಲ್ಲಿತ್ತು. ನನ್ನ ಮಗಳ ಮಾತೂ ಅದೇ ಅಲ್ಲವೇ?

ವಿಚಾರಿಸಿದ್ದು ಪ್ರತಿ ಸಲವೂ ಅರವತ್ತು ಚಿಲ್ಲರೆ ಹುಡುಗಿಯರನ್ನು ಮಾತ್ರ. ಆ ಮೂರು ವರ್ಷಗಳಲ್ಲಿ ಬೇರೆ ಬದಲಾವಣೆಗಳೂ ಆಗಿರಬಹುದು. ಎಲ್ಲ ತಪ್ಪನ್ನೂ ಪೆಟ್ಟಿಗೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ 2011ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನವನ್ನು ತಂದೆತಾಯಿಗಳು ಗಮನಿಸಬೇಕು. ತಾನು ನೋಡುವುದಷ್ಟೇ ಅಲ್ಲ, ಗೆಳತಿಯರು ನೋಡುವುದೂ ಹುಡುಗಿಯ ಊಟದ ತೊಂದರೆಗಳೊಡನೆ ಸೇರಿಕೊಂಡಿರುವುದು ಅದರಲ್ಲಿ ಕಂಡುಬಂತು. ಅಂದಮೇಲೆ ನಾನು ಮನೆಯ ಟಿ.ವಿ. ಆರಿಸಿದರೆ ಏನಾಯಿತು? ಶಾಲೆಯ ಬೆಂಚಿನ ಮೇಲೆ ಅದೇ ಧಾರಾವಾಹಿಯ ಮಾತು ನಡೆದೇ ಇರುತ್ತದೆ. ಈಗಂತೂ ಅದು ಫೋನಿನಲ್ಲಿ ಕೈಗೇ ಬಂದಿದೆ.

ಹಾಗಾದರೆ ದಾರಿ ಯಾವುದು? ಹಿರಿಯರಿಗೆ 'ಹಮ್ ಲೋಗ್' ಧಾರಾವಾಹಿ ನೆನಪಿರಬಹುದು. 1984-85ರಲ್ಲಿ ದೂರದರ್ಶನದಲ್ಲಿ ಅದರ ಕಂತುಗಳು ಬಂದವು. ಕಂತು ಮುಗಿದ ಕೂಡಲೇ ನಟ ಅಶೋಕ್ ಕುಮಾರ್ ಪರದೆಯ ಮೇಲೆ ಬಂದು, ಮನೆಯ ಅಜ್ಜನ ಹಾಗೆ ಆ ದಿನದ ಕಥೆಯ ಬಗ್ಗೆ ಎರಡು ಮಾತು ಆಡುತ್ತಿದ್ದರು. ನೋಡುವವರಿಗೇ ಪ್ರಶ್ನೆ ಹಾಕುತ್ತಿದ್ದರು. ಲಕ್ಷಗಟ್ಟಲೆ ಕಾಗದಗಳು ಬಂದವು. ಕಥೆಯೂ ಇತ್ತು, ಕಥೆಯ ಬಗ್ಗೆ ಮಾತಾಡುವ ಒಬ್ಬ ಹಿರಿಯನೂ ಇದ್ದ.

ಇಂದು ಒಂದು ಕಥೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ಆ ಹಿರಿಯನ ಜಾಗ ಖಾಲಿ ಇದೆ. ಆ ಜಾಗ ನಮ್ಮದು. ಸೆಕೆಂಡ್ ಶಿಫ್ಟಿನವರು ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ, ನನಗೂ ಗೊತ್ತು. ಸಮಯ ಬೇಕು ಎಂದು ನಾವು ಸಂಘದಲ್ಲಿ ಕೇಳುವುದು ಇದಕ್ಕಾಗಿಯೂ ಹೌದು. ಆದರೆ ಸಿಕ್ಕ ರಜೆಯ ದಿನ ಅರ್ಧ ಗಂಟೆ ಮಕ್ಕಳ ಪಕ್ಕದಲ್ಲಿ ಕೂರಬಹುದಲ್ಲವೇ? ಉಪದೇಶ ಬೇಡ. "ಇವಳಿಗೆ ಸಂಬಳ ಎಷ್ಟಿರಬಹುದು? ಈ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು?" ಎಂದು ಕೇಳಿದರೆ ಸಾಕು.

ನಾನು ಈಗ ಹಾಗೆ ಕೂರುತ್ತಿದ್ದೇನೆ. ಮೊದಮೊದಲು ಮಗಳು ಮುಖ ಗಂಟಿಕ್ಕಿದಳು. ಮೊನ್ನೆ ಭಾನುವಾರ ಅವಳೇ ನಕ್ಕು, "ಅಪ್ಪಾ, ಈ ಆಫೀಸಿನಲ್ಲಿ ಯಾರೂ ಕೆಲಸ ಮಾಡೋದೇ ಇಲ್ಲವಲ್ಲ!" ಎಂದಳು. ಆ ರಾತ್ರಿ ಅರ್ಧ ಮುದ್ದೆ ಉಂಡಳು. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಆದರೆ ಮಾತು ಶುರುವಾಗಿದೆ. ನಿಮ್ಮ ಮನೆಗಳಲ್ಲೂ ಶುರುವಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.