ಮೊದಲ ನೆನಪು ಯಾರದು?



ಬಿ.ಎಡ್. ಓದಿದವರಿಗೆಲ್ಲ ಜೀನ್ ಪಿಯಾಜೆ ಹೆಸರು ಗೊತ್ತಿರುತ್ತದೆ. ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂಬುದನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು ಅವರು. ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ತಮ್ಮ ಎರಡನೆಯ ವರ್ಷದ್ದೆಂದು ನಂಬಿದ್ದ ಒಂದು ನೆನಪನ್ನು ಅವರು ಬರೆದಿಟ್ಟಿದ್ದಾರೆ. ಇವತ್ತಿನ ಮಾತು ಅಲ್ಲಿಂದ ಶುರುವಾಗಲಿ.

ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ದಾದಿ ಹೋಗುತ್ತಿದ್ದಾಳೆ. ಯಾರೋ ಒಬ್ಬ ಮಗುವನ್ನು ಎತ್ತಿಕೊಂಡು ಓಡಲು ನುಗ್ಗುತ್ತಾನೆ. ಮಗುವಿಗೆ ಗಾಡಿಯ ಪಟ್ಟಿ ಬಿಗಿದಿದೆ. ದಾದಿ ಅಡ್ಡ ನಿಂತು ಹೋರಾಡುತ್ತಾಳೆ, ಅವಳ ಮುಖದ ಮೇಲೆ ಗೀರುಗಳಾಗುತ್ತವೆ. ಜನ ಸೇರುತ್ತಾರೆ. ಗಿಡ್ಡ ನಿಲುವಂಗಿ ತೊಟ್ಟ, ಬಿಳಿ ಲಾಠಿ ಹಿಡಿದ ಪೋಲೀಸಿನವನು ಬರುತ್ತಾನೆ, ಕಳ್ಳ ಓಟ ಕೀಳುತ್ತಾನೆ. ಇಷ್ಟೆಲ್ಲ ಪಿಯಾಜೆಯವರ ಕಣ್ಣಿಗೆ ಕಟ್ಟಿದಂತಿತ್ತು. ಮೆಟ್ರೋ ನಿಲ್ದಾಣದ ಹತ್ತಿರ ಎಂದು ಜಾಗವನ್ನೂ ಗುರುತಿಸಬಲ್ಲವರಾಗಿದ್ದರು.

ಅವರಿಗೆ ಸುಮಾರು ಹದಿನೈದು ತುಂಬಿದಾಗ ಆ ದಾದಿಯಿಂದ ತಂದೆತಾಯಿಗೆ ಒಂದು ಕಾಗದ ಬಂತು. ಅವಳು ಅಷ್ಟರಲ್ಲಿ ಸಾಲ್ವೇಶನ್ ಆರ್ಮಿ ಸೇರಿ, ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳಲು ಹೊರಟಿದ್ದಳು. ಆ ದಿನ ಏನೂ ನಡೆದಿರಲಿಲ್ಲ. ಕತೆ ಅವಳೇ ಕಟ್ಟಿದ್ದು, ಗೀರುಗಳೂ ಅವಳೇ ಮಾಡಿಕೊಂಡದ್ದು. ಧೈರ್ಯಕ್ಕೆ ಮೆಚ್ಚಿ ಮನೆಯವರು ಕೊಟ್ಟಿದ್ದ ಗಡಿಯಾರವನ್ನು ಹಿಂದಿರುಗಿಸಬೇಕೆಂದಿದ್ದಳು. ತಂದೆತಾಯಿ ನಂಬಿ ಹೇಳುತ್ತಿದ್ದ ಕತೆಯನ್ನು ಎಳವೆಯಲ್ಲಿ ಕೇಳಿ, ಅದನ್ನೇ ಕಂಡ ನೋಟವಾಗಿ ಮಾಡಿಕೊಂಡಿರಬೇಕು ಎಂದು ಪಿಯಾಜೆ ತೀರ್ಮಾನಿಸಿದರು.

ಈ ಪ್ರಸಂಗದಲ್ಲಿ ನನ್ನನ್ನು ಬಹಳ ಕಾಡುವುದು ಆ ಮೆಟ್ರೋ ನಿಲ್ದಾಣ. ಪ್ಯಾರಿಸ್ಸಿನ ಮೆಟ್ರೋ ಓಡತೊಡಗಿದ್ದು 1900ರ ಜುಲೈನಲ್ಲಿ. ಪಿಯಾಜೆಗೆ ಎರಡು ವರ್ಷ ತುಂಬಿದ್ದು 1898ರಲ್ಲಿ. ಆಗ ಅಲ್ಲಿ ನಿಲ್ದಾಣವೇ ಇರಲಿಲ್ಲ. ಆಮೇಲೆ ಕಂಡ ಊರು ಮೊದಲು ಕಂಡೆನೆಂದುಕೊಂಡ ಊರಿನ ಮೇಲೆ ಬಂದು ಕೂತಿದೆ, ಅದು ಎಲ್ಲಿ ಸೇರಿಕೊಂಡಿತೆಂದು ನೆನೆಯುವವನಿಗೇ ತಿಳಿಯುವುದಿಲ್ಲ. ಬಣ್ಣ, ಬಟ್ಟೆ, ಜಾಗ ಎಲ್ಲವೂ ಕರಾರುವಾಕ್ಕಾಗಿ ನೆನಪಿದೆ ಎಂದು ನಾವು ಒತ್ತಿ ಹೇಳುತ್ತೇವಲ್ಲ, ಆ ವಿವರಗಳಿಂದ ಏನೂ ರುಜುವಾತಾಗುವುದಿಲ್ಲ.

ನಮ್ಮ ಮನೆಗಳಲ್ಲಿ ದಾದಿಯ ಸುಳ್ಳೂ ಬೇಕಿಲ್ಲ. ಅಜ್ಜಿ ಹತ್ತು ಸಲ ಹೇಳಿದ ಸಂಗತಿ, ಆಲ್ಬಮ್ಮಿನ ಒಂದು ಫೋಟೋ ಸಾಕು. 2002ರಲ್ಲಿ ಮನೋವಿಜ್ಞಾನಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ಇಪ್ಪತ್ತು ಮಂದಿ ವಯಸ್ಕರಿಗೆ ಅವರದೇ ಬಾಲ್ಯದ ಫೋಟೋಗಳ ನಡುವೆ ಒಂದು ಕೃತಕ ಚಿತ್ರ ಸೇರಿಸಿ ತೋರಿಸಿದರು. ಎಂದೂ ಹತ್ತದ ಬಿಸಿಗಾಳಿ ಬಲೂನಿನಲ್ಲಿ ಮಗುವಾಗಿದ್ದ ತಾವು ಕೂತಿರುವ ಚಿತ್ರ. ಮೂರನೆಯ ಭೇಟಿಯ ಹೊತ್ತಿಗೆ ಅರ್ಧದಷ್ಟು ಮಂದಿ ಆ ಪ್ರಯಾಣವನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿಸಿಕೊಂಡಿದ್ದರು. ಅವಳಿಗಳನ್ನು ಕೇಳಿದ ಅಧ್ಯಯನವೂ ಇದೆ. ಒಂದೇ ಘಟನೆ ತನಗೇ ಆದದ್ದೆಂದು ಇಬ್ಬರೂ ಹೇಳಿದ ಜೋಡಿಗಳು ಅಲ್ಲಿ ಹೆಚ್ಚು. ಮರದಿಂದ ಬಿದ್ದದ್ದು ಅಣ್ಣನೋ ತಮ್ಮನೋ ಎಂಬ ಜಗಳ ಹಬ್ಬದೂಟಕ್ಕೆ ಸೇರಿದಾಗ ನಮ್ಮಲ್ಲೂ ಎದ್ದೇಳುತ್ತದೆ. ಇಬ್ಬರೂ ಪ್ರಾಮಾಣಿಕರೇ.

ಹಾಗಾದರೆ ನಿಜವಾದ ಮೊದಲ ನೆನಪುಗಳು ಎಲ್ಲಿ ಹೋದವು? ಸಾಮಾನ್ಯವಾಗಿ ದೊಡ್ಡವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಅದಕ್ಕೂ ಮುಂಚಿನದು ಮಗುವಿನಲ್ಲಿ ಉಳಿದೇ ಇರುವುದಿಲ್ಲ ಎನ್ನುವಂತಿಲ್ಲ. ಅಮೆರಿಕದ ಪೆಟ್ರೀಶಿಯಾ ಬಾವರ್ ಮೂರು ವರ್ಷದ ಮಕ್ಕಳು ತಾಯಂದಿರ ಜೊತೆ ಆಡಿದ ಮಾತನ್ನು ದಾಖಲಿಸಿಕೊಂಡು, ವರ್ಷಗಳ ನಂತರ ಅವೇ ಸಂಗತಿಗಳನ್ನು ಕೇಳಿದರು. ಐದರಿಂದ ಏಳು ವರ್ಷದವರಿಗೆ ಶೇ. 60ಕ್ಕೂ ಹೆಚ್ಚು ಸಂಗತಿಗಳು ನೆನಪಿದ್ದವು, ಎಂಟು-ಒಂಬತ್ತರವರಿಗೆ ಶೇ. 40ಕ್ಕಿಂತ ಕಡಿಮೆ. ಅಂದರೆ ಅಳಿಯುವ ಕೆಲಸ ಶಾಲೆಯ ವಯಸ್ಸಿನಲ್ಲಿ ನಡೆಯುತ್ತದೆ. ಎಳೆಯ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಹೊಸ ನರಕೋಶಗಳು ಬೇಗಬೇಗ ಹುಟ್ಟುತ್ತವೆ, ಅವು ಹಳೆಯ ಜೋಡಣೆಗಳನ್ನು ಕದಲಿಸುತ್ತವೆ ಎಂಬುದು ಒಂದು ವಿವರಣೆ. 2014ರಲ್ಲಿ ಟೊರಾಂಟೊದ ಸಂಶೋಧಕರು ಇಲಿಮರಿಗಳಲ್ಲಿ ಆ ಹುಟ್ಟನ್ನು ತಗ್ಗಿಸಿದಾಗ ಮರೆವೂ ತಗ್ಗಿತು.

ನನಗೆ ಹೆಚ್ಚು ಮನಸ್ಸಿಗೆ ಹತ್ತಿರವಾದದ್ದು ಮಾತಿನ ಪಾಲು. ನ್ಯೂಜಿಲೆಂಡಿನಲ್ಲಿ ಗೇಬ್ರಿಯೆಲ್ ಸಿಮ್‌ಕಾಕ್ ಮತ್ತು ಹಾರ್ಲೀನ್ ಹೇನ್ ಪುಟ್ಟ ಮಕ್ಕಳಿಗೆ ಒಂದು ಮಾಯಾಪೆಟ್ಟಿಗೆ ತೋರಿಸಿದರು. ದೊಡ್ಡ ಆಟಿಕೆ ಹಾಕಿ ಹಿಡಿಕೆ ತಿರುಗಿಸಿದರೆ ಅದೇ ಆಟಿಕೆ ಚಿಕ್ಕದಾಗಿ ಹೊರಬರುತ್ತದೆ. ಆರು ತಿಂಗಳು, ವರ್ಷ ಕಳೆದು ಬಂದಾಗ ಮಕ್ಕಳಿಗೆ ಚಿತ್ರ ನೋಡಿ ಗುರುತಿಸಲು ಬರುತ್ತಿತ್ತು, ಆಟವನ್ನು ಮಾಡಿಯೂ ತೋರಿಸುತ್ತಿದ್ದರು. ಬಾಯಲ್ಲಿ ಹೇಳಿ ಎಂದರೆ ಮಾತ್ರ, ಆಟ ನಡೆದ ದಿನ ತಮಗೆ ಬಾರದಿದ್ದ ಪದವನ್ನು ಒಬ್ಬರೂ ಬಳಸಲಿಲ್ಲ, ಅಷ್ಟರಲ್ಲಿ ಆ ಪದ ಕಲಿತಿದ್ದರೂ! ಅದೇ ದೇಶದ ಮಾವೊರಿ ಜನರ ಮೊದಲ ನೆನಪು ಸರಾಸರಿ ಎರಡೂ ಮುಕ್ಕಾಲು ವರ್ಷದ ಹತ್ತಿರದ್ದೆಂದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಲ್ಲಿನ ಯುರೋಪ್ ಮೂಲದವರಿಗಿಂತ ಎಷ್ಟೋ ಮುಂಚಿನದು. ಹಿಂದಿನದನ್ನು ಮಕ್ಕಳಿಗೆ ಎಡೆಬಿಡದೆ ಹೇಳುವ ಸಮಾಜ ಅದು. ನೆನಪನ್ನು ಕೆಡಿಸಬಲ್ಲ ಹೇಳಿಕೆಯೇ ನೆನಪನ್ನು ಉಳಿಸಲೂ ಬಲ್ಲದು. ಹಾಗಾಗಿ ಮೊದಲ ನೆನಪು ಪೂರ್ತಿ ನನ್ನದು ಎಂದು ಯಾರೂ ಹೇಳಲಾರರು.

ಇಲ್ಲಿ ಒಂದು ಎಚ್ಚರ ಬೇಕು. ಎರಡು ವರ್ಷದ ನೆನಪು ನಂಬಲರ್ಹವಲ್ಲ ಎಂಬ ಮಾತನ್ನು ಹಿಡಿದುಕೊಂಡು, ಕಳೆದ ತಿಂಗಳು ತನಗಾದ ನೋವನ್ನು ಹೇಳುತ್ತಿರುವ ಆರು ವರ್ಷದ ಮಗುವನ್ನು ಸುಳ್ಳುಗಾರ ಎನ್ನುವವರಿದ್ದಾರೆ. ಅದು ಅನ್ಯಾಯ. ಹತ್ತಿರದ ಘಟನೆಯನ್ನು ಮಕ್ಕಳು ಚೆನ್ನಾಗಿಯೇ ಹೇಳಬಲ್ಲರು. ಕೆಡಿಸುವುದು ನಮ್ಮ ಪ್ರಶ್ನೆಗಳು. ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಸಿಬ್ಬಂದಿ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪ ಬಂದ ಪ್ರಕರಣದಲ್ಲಿ ಉತ್ತರವನ್ನು ಒಳಗಿಟ್ಟ ಪ್ರಶ್ನೆಗಳನ್ನೇ ಮಕ್ಕಳಿಗೆ ಮತ್ತೆ ಮತ್ತೆ ಹಾಕಲಾಯಿತು. 1983ರಲ್ಲಿ ಶುರುವಾದದ್ದು 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ನಮ್ಮ 2012ರ ಪೋಕ್ಸೋ ಕಾಯ್ದೆಯಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಗಳನ್ನು ವಿಶೇಷ ನ್ಯಾಯಾಲಯಕ್ಕೆ ಕೊಡಬೇಕು, ನ್ಯಾಯಾಲಯವೇ ಮಗುವನ್ನು ಕೇಳುತ್ತದೆ. ಆದರೆ ಮಗುವಿನ ಮಾತು ನ್ಯಾಯಾಲಯ ಮುಟ್ಟುವ ಮುಂಚೆ ಅಡುಗೆಮನೆಯನ್ನೂ ಶಾಲೆಯ ಸಿಬ್ಬಂದಿ ಕೋಣೆಯನ್ನೂ ದಾಟಿ ಬರುತ್ತದೆ. ಅಲ್ಲಿ ಕೇಳುವವರು ನಾವು. "ಅವನು ಹೊಡೆದನಾ?" ಎಂದು ಕೇಳುತ್ತೇವೋ, "ಏನಾಯ್ತು, ಹೇಳು ಕಂದಾ" ಎಂದು ಕೇಳುತ್ತೇವೋ ಎಂಬುದಕ್ಕೆ ಯಾವ ಕಾಯ್ದೆಯೂ ಇಲ್ಲ.