ತಿಂಗಳ ಚಂದಾ ತಿರುಗಿ ಬಂದಾಗ

ಮಲೆನಾಡಿನ ಮನೆಯ ಲೆಕ್ಕ ವರ್ಷದ ಲೆಕ್ಕ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೆ ಹಣ ಕೈಸೇರುತ್ತದೆ. ಮುಂದಿನ ಕೊಯ್ಲಿನವರೆಗೆ ಅದೇ ಬರಬೇಕು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಗುಡಿಗಾರರ ಕೆತ್ತನೆ ಸಾಮಾನುಗಳು ಆನ್‌ಲೈನ್ ಅಂಗಡಿಗಳನ್ನು ಸೇರಿವೆ. ಆ ಅಂಗಡಿಯ ಲೆಕ್ಕವಾದರೋ ತಿಂಗಳ ಲೆಕ್ಕ. ತೊಡಕು ಹುಟ್ಟುವುದು ಇಲ್ಲಿಯೇ.

ಇಂಥ ಅಂಗಡಿಯ ಸಾಫ್ಟ್‌ವೇರಿಗೆ ಪ್ಲಗಿನ್ ಎಂಬ ಸಣ್ಣ ಸಣ್ಣ ಜೋಡಣೆಗಳುಂಟು. ಒಂದು ಪಾರ್ಸೆಲಿನ ವೆಚ್ಚ ತೋರಿಸುತ್ತದೆ, ಮತ್ತೊಂದು ಗಿರಾಕಿಗೆ ಸಂದೇಶ ಕಳುಹಿಸುತ್ತದೆ. ಇವುಗಳ ಚಂದಾ ಸಾಮಾನ್ಯವಾಗಿ ನಿಮ್ಮ ಕಾರ್ಡಿನಿಂದ ತಾನಾಗಿ ಸಂದಾಯವಾಗುತ್ತದೆ. ಬ್ಯಾಂಕು ಒಪ್ಪದಿದ್ದರೆ ಕಂಪನಿಯವರು ಕೆಲವು ಬಾರಿ ಮತ್ತೆ ಕೇಳಿ, ಕೊನೆಗೆ ಪ್ಲಗಿನ್ ನಿಲ್ಲಿಸುತ್ತಾರೆ. ಆಷಾಢದ ಮಳೆಯಲ್ಲಿ ಪಾರ್ಸೆಲಿನ ಪ್ಲಗಿನ್ ನಿಂತಿತೆನ್ನಿ. ಬೆಂಗಳೂರಿನ ಗಿರಾಕಿ ಉಪ್ಪಿನಕಾಯಿಯನ್ನು ಆರಿಸಿ, ಸಾಗಣೆಯ ವೆಚ್ಚ ಕಾಣದೆ ಹಿಂದಿರುಗುತ್ತಾನೆ. ಬಂದುಹೋದನೆಂಬುದೇ ನಿಮಗೆ ತಿಳಿಯದು!

ಚಂದಾ ತಿರುಗಿ ಬಂದರೆ ಮೊದಲು ಕಾರಣವನ್ನು ಹುಡುಕಬೇಕು. ಖಾತೆಯಲ್ಲಿ ಹಣವಿದೆಯೆ? ಕಾರ್ಡಿನ ಅವಧಿ ಮುಗಿದಿದೆಯೆ? ಹೊರದೇಶದ ಕಂಪನಿಯಾದರೆ, ಕಾರ್ಡಿನಲ್ಲಿ ವಿದೇಶೀ ಪಾವತಿಗೆ ಅನುಮತಿಯಿದೆಯೆ? 2020ರ ರಿಸರ್ವ್ ಬ್ಯಾಂಕಿನ ನಿಯಮದ ಮೇರೆಗೆ, ಹೊಸ ಕಾರ್ಡಿಗೆ ಆ ಅನುಮತಿಯನ್ನು ಗ್ರಾಹಕರೇ ಕೇಳಿ ಪಡೆಯಬೇಕು.

2021ರ ಅಕ್ಟೋಬರ್ 1ರಿಂದ ಮತ್ತೊಂದು ಕಟ್ಟಳೆ ಬಂತು. ಪದೇ ಪದೇ ಸಂದಾಯವಾಗುವ ಹಣಕ್ಕೆ ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು. ಹಣ ಕಡಿಯುವ 24 ಗಂಟೆ ಮುಂಚೆ ಬ್ಯಾಂಕು ಸೂಚನೆ ಕೊಡಬೇಕು. ಓಟಿಪಿ ಇಲ್ಲದೆ ಸಾಗುವ ಮೊತ್ತದ ಮಿತಿ ಆಗ 5,000 ರೂಪಾಯಿ. 2022ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿದರು. ಒಪ್ಪಿಗೆಯಲ್ಲಿ ಗರಿಷ್ಠ ಮೊತ್ತವನ್ನು ನೀವೇ ಗೊತ್ತುಮಾಡಬಹುದು. ಡಾಲರಿನ ಬೆಲೆ ಏರಿಳಿಯುವುದರಿಂದ ಅದನ್ನು ಕೊಂಚ ಹೆಚ್ಚಾಗಿಯೇ ಇಡುವುದು ಮೇಲು. ಕಾರ್ಡು ಬದಲಾಯಿಸಿದಾಗ ಒಪ್ಪಿಗೆಯ ಗತಿ ಏನಾಯಿತೆಂದು ನೋಡಲು ಮರೆಯಬೇಡಿ.

ಮಳೆಗಾಲದಲ್ಲಿ ಕರೆಂಟು ಹೋಗಿ, ಸಿಗ್ನಲ್ ಸಿಗದೆ, ಓಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುವುದುಂಟು. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ಫಲವಿಲ್ಲ. ಸಿಗ್ನಲ್ ಇರುವ ಪೇಟೆಗೆ ಹೋದಾಗ ಒಂದೇ ಸಲ ಮುಗಿಸಿ.

ಇನ್ನೊಂದು ಎಚ್ಚರಿಕೆ. “ಚಂದಾ ಸಂದಿಲ್ಲ, ಇಲ್ಲಿ ಒತ್ತಿ” ಎಂಬ ಸಂದೇಶಗಳೆಲ್ಲ ನಿಜವಲ್ಲ. ನಿಮ್ಮ ಅಂಗಡಿಯ ಪುಟವನ್ನು ನೀವೇ ತೆರೆದು ನೋಡಿರಿ. ಓಟಿಪಿಯನ್ನು ಯಾರಿಗೂ ಹೇಳಬೇಡಿರಿ. ಬೇಡದ ಪ್ಲಗಿನ್ ತೆಗೆದುಹಾಕಿದರೆ ಸಾಲದು, ಅದರ ಚಂದಾ ನಿಂತಿತೇ ಎಂದೂ ಪರೀಕ್ಷಿಸಿರಿ.

ವರ್ಷದ ಚಂದಾ ಕಟ್ಟುವ ಅವಕಾಶವಿದ್ದರೆ, ಅಡಿಕೆಯ ಹಣ ಬಂದಾಗಲೇ ಕಟ್ಟಿಬಿಡುವುದು ಜಾಣತನ. ಮಳೆಗಾಲಕ್ಕೆ ಕಟ್ಟಿಗೆಯನ್ನು ಬೇಸಿಗೆಯಲ್ಲೇ ಕೂಡಿಡುವ ನಮಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ.